ಪೇಸ್ಟ್ ಒಣಗುವ ಮೊದಲು

ನಮ್ಮ ಮನೆಯ ಪ್ರೊಸೆಸರ್ ಸತ್ತಿದ್ದು ಒಂದು ಮಂಗಳವಾರ ಬೆಳಿಗ್ಗೆ, ನಾನು ಉಪ್ಪಿಟ್ಟಿಗೆ ಒಗ್ಗರಣೆ ಇಟ್ಟಿದ್ದಾಗ. ಕಂಪ್ಯೂಟರ್ ಇದ್ದದ್ದು ನಡುಮನೆಯಲ್ಲಿ, ನಾನಿದ್ದದ್ದು ಅಡುಗೆಮನೆಯಲ್ಲಿ, ಆದರೂ ನನಗೆ ಆ ಕ್ಷಣವೇ ಗೊತ್ತಾಯಿತು. ಸಾಸಿವೆ ಚಟಪಟ ಅಂದ ಕೂಡಲೇ ನನ್ನ ಕೈ ಕರಿಬೇವು ಹಾಕಿಬಿಟ್ಟಿತ್ತು. ಈ ಮನೆಗೆ ಸೊಸೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ನನ್ನ ಒಗ್ಗರಣೆ ಒಂದು ದಿನವೂ ಸೀಯದೆ ಇದ್ದದ್ದಿಲ್ಲ. ಸಾಸಿವೆಯ ಸದ್ದು ಕಿವಿಗೆ ಬಿದ್ದು, ಅಲ್ಲಿಂದ ಕೈಗೆ ಸುದ್ದಿ ಮುಟ್ಟುವ ಹೊತ್ತಿಗೆ ಬಾಣಲೆಯಿಂದ ಹೊಗೆ ಏಳುತ್ತಿತ್ತು. ಎರಡು ಕೋರಿನ ಮನೆ ಅಂದರೆ ಹಾಗೇ. ನಾನು ಸೌಟು ಹಿಡಿದುಕೊಂಡೇ ನಡುಮನೆಗೆ ಬಂದೆ. ನನ್ನ ಗಂಡ ಓಂಕಾರಪ್ಪ ಕಂಪ್ಯೂಟರಿನ ಮುಂದೆ ನಿಂತು ಗುಂಡಿ ಒತ್ತಿ ಒತ್ತಿ ನೋಡುತ್ತಿದ್ದರು.

“ಹೋಯ್ತು ಕಣೆ,” ಅಂದರು. “ಫ್ಯಾನೂ ತಿರುಗ್ತಿಲ್ಲ.”

ಆ ಎರಡು ಮಾತನ್ನು ಅವರು ಎಷ್ಟು ಬೇಗ ಹೇಳಿ ಮುಗಿಸಿದರೆಂದರೆ, ಮನೆಗೆ ಯಾರೋ ಹೊರಗಿನವರು ಬಂದಿದ್ದಾರೇನೋ ಅನ್ನಿಸಿತು ನನಗೆ.

ನಮ್ಮೂರಿನಲ್ಲಿ ಮನೆಯ ಕಂಪ್ಯೂಟರಿನೊಳಗೆ ಎಂಥ ಪ್ರೊಸೆಸರ್ ಕೂತಿರುತ್ತದೋ ಮನೆಯವರ ನಡೆನುಡಿಯೂ ಅಂಥದ್ದೇ. ಕೋರು ಎಷ್ಟೋ ಅಷ್ಟು ಕೆಲಸ ಒಟ್ಟಿಗೆ ಹಿಡಿಯಬಹುದು. ಗಿಗಾಹರ್ಟ್ಸ್ ಹೆಚ್ಚಿದಷ್ಟೂ ಕೈಕಾಲು, ನಾಲಿಗೆ ಚುರುಕು. ಹೆಣ್ಣು ನೋಡಲು ಬಂದವರು ಜಾತಕ ಕೇಳುವುದು ಕಾಫಿ ಕುಡಿದಾದ ಮೇಲೆ. ಇದನ್ನು ಮಾತ್ರ ಕಾಲು ತೊಳೆಯುವಾಗಲೇ ಕೇಳಿಬಿಡುತ್ತಾರೆ. ಬಸ್ ಕಂಡಕ್ಟರಿಗೆ ಯಾವ ಬೀದಿ ಎಂಥದ್ದೆಂದು ಬಾಯಿಪಾಠ. ನಮ್ಮ ಸ್ಟಾಪ್ ಬಂದರೆ ಅವನು ಇಳಿದು ಎಲೆ ಅಡಿಕೆ ಹಾಕಿಕೊಂಡು, ಉಗಿದು, ಆಮೇಲೆ ನಮ್ಮನ್ನು ಹತ್ತಿಸಿಕೊಳ್ಳುತ್ತಾನೆ. ಪಕ್ಕದ ಮನೆ ವಿಮಲಕ್ಕನದು ಎಂಟು ಕೋರು, ಅದೂ ಭಾರೀ ವೇಗದ್ದು. ಅವರ ಮನೆಯಲ್ಲಿ ಜಗಳ ಶುರುವಾಗಿ, ಮುಗಿದು, ರಾಜಿಯಾಗಿ, ರಾಜಿಯ ಪಾಯಸ ಬಟ್ಟಲಲ್ಲಿ ನಮ್ಮ ಮನೆಗೆ ಬರುವ ಹೊತ್ತಿಗೆ ನಾವಿನ್ನೂ ಏನೋ ಸದ್ದಾಯಿತಲ್ಲ ಅಂತ ಕಿಟಕಿಯ ಹತ್ತಿರ ಹೋಗುತ್ತಿದ್ದೆವು.

ಹೀಗಾಗಿ ಪ್ರೊಸೆಸರ್ ಕೊಳ್ಳುವುದೆಂದರೆ ನಮ್ಮೂರಿನಲ್ಲಿ ಸಣ್ಣ ಮಾತಲ್ಲ. ತಂದ ಚಿಪ್ಪಿನ ಮೇಲೆ ಬೂದು ಬಣ್ಣದ ಪೇಸ್ಟ್ ಸವರಿ ಫ್ಯಾನ್ ಕೂರಿಸುತ್ತಾರಲ್ಲ, ಆ ಪೇಸ್ಟ್ ಒಣಗಲು ಮೂರು ದಿನ ಬೇಕೆಂದು ಲೆಕ್ಕ. ಮೂರನೇ ದಿನ ಸಂಜೆ ಆರು ಗಂಟೆಗೆ ಅಂಗಡಿ ಮುಚ್ಚುವುದರೊಳಗೆ ಒಯ್ದರೆ ಬದಲಾಯಿಸಿ ಕೊಡುತ್ತಾರೆ. ಒಣಗಿತೋ, ಏಳು ವರ್ಷ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ತಾನಾಗಿ ಸತ್ತರೆ ಬೇರೆ ಮಾತು. ನಮ್ಮ ಎರಡು ಕೋರು ಎರಡು ಸಲ ಏಳು ವರ್ಷ ದಾಟಿತ್ತು, ಬದಲಾಯಿಸಲು ನಮ್ಮ ಕೈಯಲ್ಲಿ ದುಡ್ಡು ಇರಲಿಲ್ಲ, ಅದಕ್ಕೇ ಇತ್ತು ಅಷ್ಟೆ.

ನಮ್ಮ ಮನೆಯಲ್ಲಿ ಮೂರು ಜನ. ನಾನು ಅನಸೂಯ, ಮದುವೆ ಫೋಟೋಗಳನ್ನು ಆಲ್ಬಮ್ಮಿಗೆ ಜೋಡಿಸಿಕೊಡುವವಳು. ನನ್ನ ಗಂಡ, ಸೊಸೈಟಿಯಲ್ಲಿ ಅಕ್ಕಿ ಸಕ್ಕರೆ ತೂಗುವವರು. ಮೂರನೆಯವರು ಮಾವ, ತಿಪ್ಪೇರುದ್ರಪ್ಪನವರು. ಮೂವತ್ತೊಂದು ವರ್ಷ ಬಸ್ ಓಡಿಸಿದವರು. ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಸೋತಿತು, ಮಾತು ನಿಧಾನವಾಯಿತು. ಒಂದು ಮಾತು ಬಂದ ಮೇಲೆ ಮುಂದಿನದು ಬರಲು ಅರ್ಧ ನಿಮಿಷವಾದರೂ ಬೇಕು. ಮಿಕ್ಕವರು ಚಿಪ್ಪಿನ ಪ್ರಕಾರ ಓಡಿದರೂ ನಿಂತರೂ ಮಾವನ ನಾಲಿಗೆ ಮಾತ್ರ ಯಾವ ಚಿಪ್ಪಿನ ಮಾತನ್ನೂ ಕೇಳುವುದಿಲ್ಲ. ಡಾಕ್ಟರು ಅದನ್ನು ಮೊದಲೇ ಹೇಳಿದ್ದರು. ಆದರೆ ನಮ್ಮದು ಎರಡು ಕೋರಿನ ಮನೆಯಾದ್ದರಿಂದ ನಮಗೆ ಅದೊಂದು ಕೊರತೆ ಅಂತ ಅನ್ನಿಸಿಯೇ ಇರಲಿಲ್ಲ. ಅವರು ನಿಧಾನ, ನಾವೂ ನಿಧಾನ. ಊಟಕ್ಕೆ ಕೂತರೆ ಮೂವರ ಮಾತೂ ಒಂದೇ ಹೆಜ್ಜೆಯಲ್ಲಿ ನಡೆಯುತ್ತಿತ್ತು.

ಪ್ರೊಸೆಸರ್ ಇಲ್ಲದ ಮನೆಯಲ್ಲಿ ಯಾರು ಹುಟ್ಟಾ ಹೇಗೋ ಹಾಗೆ ಇರುತ್ತಾರೆ. ಆ ದಿನಗಳಲ್ಲೇ ನನಗೆ ಗೊತ್ತಾದದ್ದು, ನಾನು ಮದುವೆಯಾದ ಮನುಷ್ಯ ಮಹಾ ಅವಸರಗಾರ ಅಂತ. ಹದಿನಾಲ್ಕು ವರ್ಷ ಒಂದು ರೊಟ್ಟಿಗೆ ಕಾಲು ಗಂಟೆ ತೆಗೆದುಕೊಂಡವರು ಈಗ ನಾನು ಪಲ್ಯ ಬಡಿಸಿ ತಿರುಗುವಷ್ಟರಲ್ಲಿ ಕೈ ತೊಳೆದಿರುತ್ತಿದ್ದರು. ಮಾತನ್ನಂತೂ ಯಾರದ್ದೂ ಪೂರ್ತಿ ಕೇಳುತ್ತಿರಲಿಲ್ಲ. ಮಾವ ಒಂದು ಮಧ್ಯಾಹ್ನ ಗೋಡೆಗೆ ಒರಗಿ ಕೂತು, “ನಂಗೆ…” ಅಂದರು. ಇವರು “ನೀರಾ ಅಪ್ಪಯ್ಯಾ?” ಅಂತ ಎದ್ದು ಚೊಂಬು ತಂದು ಕೈಗೆ ಕೊಟ್ಟಾಗಿತ್ತು. ಮಾವ ಚೊಂಬನ್ನೂ ಮಗನನ್ನೂ ನೋಡಿ ಕುಡಿದರು. ಸಂಜೆ ಮತ್ತೆ “ನಂಗೆ…” ಅಂದರು, ಮತ್ತೆ ನೀರು ಬಂತು. ನಾನೇನು ಕಮ್ಮಿಯಿರಲಿಲ್ಲ. ಒಂದು ಸಲ ಅವರು ಬಾಯಿ ತೆರೆದ ಕೂಡಲೇ ಸೆಖೆಯಾಗುತ್ತಿರಬೇಕು ಅಂದುಕೊಂಡು ಫ್ಯಾನ್ ಹಾಕಿದೆ. ಪಾಪ, ಶಾಲು ಹೊದ್ದುಕೊಂಡು ಕೂತರು.

ಮೂರು ದಿನ ಹೀಗೆ ಕಳೆದ ಮೇಲೆ ನನಗೆ ನಿಜವಾಗಿ ಹೆದರಿಕೆಯಾಯಿತು. ಬರೀ ನಮ್ಮ ಹುಟ್ಟುಗುಣಕ್ಕೇ ಮಾವನ ಮಾತು ಮುಗಿಯುತ್ತಿಲ್ಲ, ಇನ್ನು ವೇಗದ ಚಿಪ್ಪು ತಂದರೆ ಅವರು ಏಳು ವರ್ಷ ಮೂಕರಾಗಿ ಕೂರಬೇಕಾಗುತ್ತದೆ. ಅವರಿಗಾಗಲೇ ಎಪ್ಪತ್ತಾರು. ಆ ಏಳು ವರ್ಷ ಆದ ಮೇಲೆ ಇನ್ನೊಂದು ಏಳು ಇರುತ್ತದೋ ಇಲ್ಲವೋ, ಯಾರು ಕಂಡವರು. ಇವರಿಗೂ ಅದೇ ಚಿಂತೆ. “ಅಪ್ಪಯ್ಯಂಗೆ ಹೊಂದೋದು ತರಬೇಕು, ನಮ್ಮದು ಆಮೇಲೆ,” ಅಂದರು. ಈ ಮಾತನ್ನು ನಾವು ಆಡಿಕೊಂಡದ್ದು ಮಾವನ ಎದುರಿಗೇ. ಅವರು ನಮ್ಮ ಮುಖ ನೋಡುತ್ತ ಏನೋ ಹೇಳಲು ಹೊರಟರು. ನಾನು ಅವರ ದಿಂಬು ಸರಿಮಾಡಿದೆ.

ಈ ನಡುವೆ ಫೋಟೋಗ್ರಾಫರ್ ಪಾಲಾಕ್ಷ ಬಂದ. ನನಗೆ ಕೆಲಸ ಕೊಡುವವನು ಅವನೊಬ್ಬನೇ.

“ಅಕ್ಕಾ, ಈ ಸಲ ಹದಿನೆಂಟು ಮದುವೆ ಒಪ್ಕಂಡಿದೀನಿ,” ಅಂದ. “ಆಲ್ಬಮ್ಮು ಮೂರು ಮೂರು ದಿನಕ್ಕೆ ಕೊಡ್ತೀನಿ ಅಂದ್ರೆ ಅಷ್ಟೂ ನಿನಗೇ. ಮೊದಲಿನಂಗೆ ಒಂಬತ್ತು ದಿನ ಅಂದ್ರೆ ಮದುಮಕ್ಕಳು ಜಗಳ ಆಡ್ಕಂಡು ಬ್ಯಾರೆ ಆಗಿರ್ತಾರೆ. ಬೇಜಾರು ಮಾಡ್ಕಾಬ್ಯಾಡ.”

ನನ್ನ ಹತ್ತಿರ ಇದ್ದದ್ದು ಹನ್ನೆರಡು ಸಾವಿರ. ಪ್ರೊಸೆಸರ್, ಅದು ಕೂರುವ ಮದರ್‌ಬೋರ್ಡ್ ಎರಡೂ ಅದರಲ್ಲೇ ಆಗಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಪ್ಪ ಹೇಳುತ್ತಿದ್ದ, ಆದರೆ ನನಗೆ ಸಿಕ್ಕಿದ ಹಾಸಿಗೆಯಲ್ಲಿ ಒಂದು ಕಡೆ ಹದಿನೆಂಟು ಆಲ್ಬಮ್ಮು, ಇನ್ನೊಂದು ಕಡೆ ಮಾವ. ಶುಕ್ರವಾರ ಇಬ್ಬರೂ ಅಂಗಡಿಗೆ ಹೋದೆವು. ಅಂಗಡಿ ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಕಡಿದು, ಹಿಟ್ಟು ಬಿದ್ದು ಜಾರುತ್ತದೆ, ಅದಕ್ಕೇ ಮಾವನನ್ನು ಕರೆದೊಯ್ಯಲಿಲ್ಲ. ಕರೆದೊಯ್ಯುವ ಯೋಚನೆಯೇ ಬರಲಿಲ್ಲ ಅಂದರೂ ಸುಳ್ಳಲ್ಲ.

ಅಂಗಡಿಯ ಅಮಾನುಲ್ಲಾ ಸಾಬ್ರು ಯಾರಿಗೂ ಚಿಪ್ಪನ್ನು ಬರೀ ಡಬ್ಬಿ ತೋರಿಸಿ ಮಾರುವವರಲ್ಲ. ಗೋಡೆ ಉದ್ದಕ್ಕೂ ಬೆಂಚು ಹಾಕಿ, ಪ್ರತಿ ಬೆಂಚಿನ ಪಕ್ಕದಲ್ಲೂ ಒಂದೊಂದು ಪ್ರೊಸೆಸರ್ ಓಡಿಸಿ ಇಟ್ಟಿರುತ್ತಾರೆ. ಗಿರಾಕಿ ಹತ್ತು ನಿಮಿಷ ಕೂತು ನೋಡಬೇಕು. ಸಾಬ್ರು ಮಾತ್ರ ಎಲ್ಲ ಬೆಂಚಿನಿಂದಲೂ ದೂರ, ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಇಲ್ಲದಿದ್ದರೆ ಒಂದು ದಿನಕ್ಕೆ ಆರು ಮನುಷ್ಯ ಆಗಬೇಕಾಗುತ್ತದೆ ಅನ್ನುತ್ತಾರೆ.

“ಮೊದಲು ಇಲ್ಲಿ ಕೂರ್ರಿ,” ಅಂದರು. “ನಿಮ್ಮ ಮನೇದೇ ಜಾತಿ. ಎರಡು ಕೋರು, ಸೆಕೆಂಡ್ ಹ್ಯಾಂಡು. ಬೋರ್ಡು ಸೇರಿ ಮೂರು ಸಾವಿರಕ್ಕೆ ಮುಗೀತು.”

ಕೂತೆವು. ಹಳೆಯ ಚಪ್ಪಲಿಗೆ ಕಾಲು ಹಾಕಿದ ಹಾಗಾಯಿತು. ಹುಡುಗ ತಂದ ಚಹಾ ಕೈಗೆತ್ತಿಕೊಳ್ಳುವಷ್ಟರಲ್ಲಿ ಕೆನೆ ಕಟ್ಟಿತ್ತು. ಇವರು ಆಕಳಿಸಿದರು, ಅದನ್ನು ನೋಡಿ ನಾನೂ ಆಕಳಿಸಲು ಶುರುಮಾಡಿದೆ. ಮಾವನಿಗೆ ಇದು ಚೆನ್ನಾಗಿ ಹೊಂದುತ್ತದೆ, ಆದರೆ ಪಾಲಾಕ್ಷನ ಆಲ್ಬಮ್ಮಿಗೆ ಎಳ್ಳುನೀರು ಬಿಟ್ಟ ಹಾಗೇ ಅಂತ ಯೋಚಿಸಿದೆ. ಆ ಒಂದು ಯೋಚನೆ ಮಾಡಿ ಮುಗಿಸಲು ನನಗೆ ಪೂರಾ ಹತ್ತು ನಿಮಿಷ ಹಿಡಿಯಿತು.

ಎರಡನೇ ಬೆಂಚು ನಾಲ್ಕು ಕೋರಿನದು. ಹೊಚ್ಚ ಹೊಸದು, ನಾಲ್ಕೂವರೆ ಗಿಗಾಹರ್ಟ್ಸ್, ಬೋರ್ಡು ಸೇರಿ ಹನ್ನೊಂದು ಸಾವಿರದ ಎಂಟುನೂರು. “ಈ ದುಡ್ಡಿಗೆ ಇದಕ್ಕಿಂತ ಒಳ್ಳೇದು ಇಡೀ ಊರಲ್ಲಿ ಸಿಗಲ್ಲ ಅಕ್ಕಾ. ಕೋರು ಕಮ್ಮಿ ಅಂತ ಜನ ಮೂಗು ಮುರೀತಾರೆ. ಆಲ್ಬಮ್ ಕೆಲಸಕ್ಕೆ ಬೇಕಾದ್ದು ಚುರುಕು, ಕೋರಲ್ಲ,” ಅಂದರು ಸಾಬ್ರು. ಅಲ್ಲಿ ಕೂತದ್ದೇ ತಡ, ನನಗೆ ಏನಾಯಿತೋ. ಇವರು ಸೊಸೈಟಿಯ ಮ್ಯಾನೇಜರನ ಕಥೆ ಹೇಳಿದರು, ನಾನು ನಕ್ಕೆ, ನನ್ನ ತಮ್ಮನ ಮದುವೆಗೆ ಯಾಕೆ ತಡವಾಗಿ ಬಂದಿರಿ ಅಂತ ಕೇಳಿದೆ, ಅವರು ನೀನೇ ಸೀರೆ ಆರಿಸಲು ಹೊತ್ತು ಮಾಡಿದ್ದು ಅಂದರು, ಜೋರಾಗಿ ಜಗಳವಾಯಿತು, ಇವರು ತಪ್ಪು ಒಪ್ಪಿಕೊಂಡರು, ನನಗೆ ಒಂದು ಮೊಳ ಮಲ್ಲಿಗೆ ತಂದುಕೊಡುವುದಾಗಿ ಮಾತು ಕೊಟ್ಟರು, ಇಷ್ಟೆಲ್ಲ ಆದ ಮೇಲೂ ಚಹಾ ಸುಡುತ್ತಿತ್ತು. ಹನ್ನೆರಡು ವರ್ಷದ ಹಳೆಯ ಜಗಳ ಅದು, ಮನೆಯಲ್ಲಿ ಮುಗಿದೇ ಇರಲಿಲ್ಲ. ನನಗೆ ಮೈಯೆಲ್ಲ ಹಗುರಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆ ಚಿಪ್ಪೇ ಬೇಕಾಗಿತ್ತು.

ಅದೇ ಹೊತ್ತಿಗೆ ಇವರು ಗಡಿಯಾರ ನೋಡಿ, “ಅಪ್ಪಯ್ಯ ಇಲ್ಲಿದ್ದಿದ್ರೆ ಇಷ್ಟೊತ್ತಿಗೆ ಎರಡು ಮಾತು ಆಡಿರ್ತಿದ್ರು ಅಷ್ಟೆ,” ಅಂದರು. ನಾನು ಬೆಂಚಿನಿಂದ ಎದ್ದುಬಿಟ್ಟೆ.

ಸಾಬ್ರು ನಮ್ಮ ಮುಖ ನೋಡಿ ಸಂಗತಿ ಕೇಳಿದರು. ಮಾವನ ವಿಷಯ ಹೇಳಿದೆವು. ಅವರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು ಒಳಗಿನಿಂದ ಹೆಬ್ಬೆರಳಿಗಿಂತ ದೊಡ್ಡದಾದ ಒಂದು ಹಳೆಯ ಚಿಪ್ಪು ತಂದರು.

“ಇದು ಸರ್ವರ್ ಚಿಪ್ಪು. ಯಾವುದೋ ಆಫೀಸು ಮುಚ್ಚಿದಾಗ ಬಂದಿದ್ದು. ಹದಿನಾಲ್ಕು ಕೋರು. ವೇಗ ಮಾತ್ರ ಎರಡು ಗಿಗಾಹರ್ಟ್ಸ್, ನಿಮ್ಮ ಹಳೇದರ ಹಂಗೇ ನಿಧಾನ. ಆದ್ರೆ ಹದಿನಾಲ್ಕು ಪುಟ ಒಟ್ಟಿಗೆ ಹಿಡಿಯುತ್ತೆ. ಇದರಲ್ಲಿ ಚಿತ್ರ ತೋರ್ಸೋ ಭಾಗ ಇಲ್ಲ, ನಿಮ್ಮ ಹಳೇ ಕಾರ್ಡು ಹಾಕ್ತೀನಿ. ಕರೆಂಟು ಒಂಚೂರು ಜಾಸ್ತಿ ತಿನ್ನುತ್ತೆ. ಬೋರ್ಡು ಸೇರಿ ನಿಮ್ಮ ದುಡ್ಡಲ್ಲೇ ಮುಗಿಯುತ್ತೆ. ಇನ್ನೊಂದು ವಿಷಯ ಅಕ್ಕಾ. ಇದು ಆಫೀಸಲ್ಲಿ ನೂರು ಜನಕ್ಕೆ ಉತ್ತರ ಕೊಟ್ಟು ಪಳಗಿದ್ದು. ಯಾರು ಏನು ಕೇಳಿದ್ರೂ ಪೂರ್ತಿ ಕೇಳಿಸ್ಕೊಂಡೇ ಮುಂದಿನ ಮಾತು. ನಡುವೆ ಬಾಯಿ ಹಾಕೋ ಚಾಳಿನೇ ಇಲ್ಲ.”

ಕೂತು ನೋಡಿದೆವು. ಸಾಬ್ರು ಹೇಳಿದ್ದು ನಿಜ. ಇವರು ಒಂದು ಮಾತು ಹೇಳಲು ಶುರುಮಾಡಿದರು, ನಾನು ಅದು ಮುಗಿಯುವವರೆಗೆ ಕಾದೆ, ಕಾಯುತ್ತಲೇ ಮನಸ್ಸಿನಲ್ಲಿ ನಾಳೆಯ ಹಿಟ್ಟು, ವಿಮಲಕ್ಕನಿಗೆ ಕೊಡಬೇಕಾದ ಬಟ್ಟಲು, ಮದುವೆ ಫೋಟೋದ ಬಣ್ಣ, ಹೀಗೆ ಹತ್ತು ವಿಷಯ ಮೆಲ್ಲಗೆ ತಂತಮ್ಮ ದಾರಿಯಲ್ಲಿ ಹೋಗುತ್ತಿದ್ದವು. ಬೇಸರವಿರಲಿಲ್ಲ. ಸಂತೋಷವೂ ಅಷ್ಟೇನಿರಲಿಲ್ಲ. ಅಲ್ಲಿಂದಲೇ ಪಾಲಾಕ್ಷನಿಗೆ ಫೋನ್ ಮಾಡಿದೆ. ಮೂರು ದಿನಕ್ಕೆ ಆಗುವುದಿಲ್ಲ, ನಾಲ್ಕು ದಿನಕ್ಕಾದರೆ ಕೊಡುತ್ತೇನೆ ಅಂದೆ. ಅವನು ಗೊಣಗಿ ಹದಿನೆಂಟರಲ್ಲಿ ಹನ್ನೆರಡು ಕೊಡುವುದಾಗಿ ಒಪ್ಪಿದ. ಆರು ಹೋದವು. ಹೋದರೆ ಹೋಗಲಿ, ಮನೆಯ ಹಿರಿಯರ ಮಾತಿಗಿಂತ ಹೆಚ್ಚೇ ಅಂದುಕೊಂಡು ಸರ್ವರ್ ಚಿಪ್ಪಿಗೇ ದುಡ್ಡು ಕೊಟ್ಟೆ. ಆ ನಾಲ್ಕು ಕೋರಿನ ಬೆಂಚಿನ ಕಡೆ ತಿರುಗಿ ನೋಡದೆ ಮೆಟ್ಟಿಲು ಇಳಿದೆ. ತ್ಯಾಗ ಮಾಡಿದವಳ ಗತ್ತು ನನಗೂ ಸ್ವಲ್ಪ ಬಂದಿತ್ತು ಅನ್ನಿ, ದಾರಿಯುದ್ದಕ್ಕೂ ಇವರ ಹತ್ತಿರ ಮಾತಾಡಲಿಲ್ಲ.

ಸಾಬ್ರು ಮಧ್ಯಾಹ್ನವೇ ಬಂದು ಪೇಸ್ಟ್ ಸವರಿ ಕೂರಿಸಿ ಹೋದರು. ಮೊದಲ ಎರಡು ದಿನ ಮನೆ ಚೆನ್ನಾಗಿಯೇ ನಡೆಯಿತು. ಒಲೆಯ ಮೇಲೆ ಅನ್ನ, ಕಂಪ್ಯೂಟರಿನಲ್ಲಿ ಆಲ್ಬಮ್ಮು, ಬಾಗಿಲಲ್ಲಿ ಸೊಪ್ಪಿನವಳು, ಹಿತ್ತಲಲ್ಲಿ ಒಗೆಯುವ ಬಟ್ಟೆ, ಎಲ್ಲವೂ ಒಟ್ಟಿಗೆ, ಯಾವುದೂ ಓಡದೆ ಸಾಗುತ್ತಿತ್ತು. ಸೊಪ್ಪಿನವಳು ತನ್ನ ಮಗಳ ಬಾಣಂತನದ ಕಥೆ ಪೂರಾ ಹೇಳಿ, ಇಷ್ಟು ಚೆನ್ನಾಗಿ ಕೇಳಿದವರು ಯಾರೂ ಇಲ್ಲ ಅಂತ ಒಂದು ಕಟ್ಟು ಮೆಂತ್ಯ ಬಿಟ್ಟಿ ಕೊಟ್ಟಳು. ವಿಮಲಕ್ಕ ಸಕ್ಕರೆ ಕೇಳಲು ಬಂದವರು ಎರಡು ಗಂಟೆ ಕೂತರು. “ನಿಮ್ಮನೇಲಿ ಕೂತ್ರೆ ಎದೆ ಬಡ್ಕಳೋದೇ ನಿಂತಂಗಾಗುತ್ತೆ ಕಣೆ, ಹಿತವಾಗೈತೆ,” ಅಂದರು. ಮಾವ ಮಾತ್ರ ಹೆಚ್ಚು ಮಾತಾಡಲಿಲ್ಲ. ಗೋಡೆಗೆ ಒರಗಿ ನಮ್ಮನ್ನು ನೋಡುತ್ತಿದ್ದರು, ನಡುನಡುವೆ ತೂಕಡಿಸುತ್ತಿದ್ದರು. ನೆಮ್ಮದಿಯಾಗಿದ್ದಾರೆ ಅಂದುಕೊಂಡೆವು.

ಮೂರನೇ ದಿನ ಸಂಜೆ ಮನೆಯವರನ್ನೆಲ್ಲ ಒಂದು ಸುತ್ತು ಕೇಳುವುದು ನಮ್ಮೂರ ಪದ್ಧತಿ. ಪೇಸ್ಟ್ ಒಣಗುವ ಮೊದಲು ಮನೆಯ ಹೆಂಗಸು ಎಲ್ಲರ ಮುಂದೆ ನಿಂತು “ಇರಲಾ?” ಅನ್ನಬೇಕು, ಅವರು “ಇರಲಿ” ಅನ್ನಬೇಕು. ಬೇಡ ಅಂದವರನ್ನು ನಾನು ಕಂಡಿಲ್ಲ, ಮದುವೆಯಲ್ಲಿ ವಧುವಿನ ಒಪ್ಪಿಗೆ ಕೇಳುವ ಹಾಗೆ ಅದು. ಭಾನುವಾರವಾದರೂ ಅಂಗಡಿ ತೆರೆದಿತ್ತು, ಹತ್ತು ನಿಮಿಷದ ದಾರಿ. ಐದು ಗಂಟೆಗೆ ಕೈಕಾಲು ತೊಳೆದು ಇವರನ್ನು ಕೇಳಿದೆ. ಇವರು ಇರಲಿ ಅಂದರು. ನನ್ನನ್ನು ನಾನೇ ಕೇಳಿಕೊಂಡೆ, ಒಂದು ನಿಟ್ಟುಸಿರು ಬಿಟ್ಟು ಇರಲಿ ಅಂದೆ. ಆಮೇಲೆ ಮಾವನ ಮುಂದೆ ಕುಕ್ಕರಗಾಲಲ್ಲಿ ಕೂತು, “ಇರಲಾ ಮಾವ?” ಅಂದೆ. ಏಳಲು ಆಗಲೇ ಕೈ ನೆಲಕ್ಕೆ ಊರಿದ್ದೆ.

ಮಾವ ಅಂದರು, “ಬ್ಯಾಡ.”

ಕೈ ಊರಿದ್ದವಳು ಹಾಗೇ ಕೂತೆ. ಇವರು ಬಾಗಿಲ ಹತ್ತಿರದಿಂದ ಬಂದು ನನ್ನ ಪಕ್ಕ ಕೂತರು. ಯಾಕೆ ಅಂತ ಯಾರೂ ಕೇಳಲಿಲ್ಲ, ಮಾವನ ಮುಖದಲ್ಲಿ ಇನ್ನೊಂದು ಮಾತು ಬರುವುದಿತ್ತು. ಅದು ಬರುವವರೆಗೆ ಸುಮ್ಮನಿದ್ದೆವು. ಮುಂದೆ ಅವರು ಹೇಳಿದ್ದನ್ನು ನಾನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ, ಅವರಿಗೆ ಅದು ಒಂದೊಂದೇ ಮಾತಾಗಿ ಬಂತು. ಒಂದೊಂದು ಮಾತಿನ ನಡುವೆಯೂ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು.

“ನಂಗೆ ಜೋರಾಗಿ ಓಡೋದು ಬೇಕಿತ್ತು ಕಣವ್ವಾ. ಮೊದಲಿಂದ ಅದನ್ನೇ ಹೇಳಾಕೆ ಹೊರಟಿದ್ದೆ. ಮೂವತ್ತೊಂದು ವರ್ಷ ಸ್ಟೇರಿಂಗ್ ಹಿಡಿದಿದೀನಿ. ಹಿಂದೆ ಅರವತ್ತು ಜನ. ಗಂಡ ಹೆಂಡ್ರು ಜಗಳ ಆಡೋರು, ಹುಡುಗ್ರು ಹಾಡು ಹೇಳೋರು, ಯಾರೋ ಅಳೋರು, ಕೋಳಿ ಕೂಗೋದು. ನಾನು ಒಂದು ಮಾತೂ ಆಡ್ತಿರಲಿಲ್ಲ. ಡ್ರೈವರ್ ಜೊತೆ ಮಾತಾಡಬಾರದು ಅಂತ ಬೋರ್ಡೇ ಇತ್ತಲ್ಲ. ಮುಂದೆ ನೋಡ್ಕಂಡು ಎಲ್ಲಾ ಕೇಳ್ತಿದ್ದೆ. ಅದೇ ನನಗೆ ಊಟ. ಲಕ್ವ ಹೊಡೆದಿದ್ದು ನಾಲಿಗೆಗೆ, ಕಿವಿಗಲ್ಲ. ಈ ಮನೇಲಿ ನಾಲ್ಕು ವರ್ಷದಿಂದ ಒಂದು ಒಳ್ಳೇ ಜಗಳ ಕೇಳಿಲ್ಲ ನಾನು. ಆ ಮೊದಲಿನ ಚಿಪ್ಪು ಬಡತನಕ್ಕೆ ಇತ್ತು, ಹೋಗ್ಲಿ ಅಂತ ಸುಮ್ನಿದ್ದೆ. ಈಗ ನೀವು ಇಬ್ರೂ ನನಗೋಸ್ಕರ ಅಂತ ಮೆಲ್ಲಗೆ ಮಾತಾಡ್ಕಂಡು, ಮೆಲ್ಲಗೆ ನಕ್ಕಂಡು ಓಡಾಡ್ತೀರಿ. ನಂಗೆ ನಿದ್ದೆ ಬರ್ತೈತೆ.”

ಇಲ್ಲಿ ಒಂದು ಸಲ ನಿಂತರು. ಮುಗಿಯಿತೇನೋ ಅಂದುಕೊಂಡೆ, ಆದರೂ ಏಳಲಿಲ್ಲ.

“ನೀನು ಆ ಅಂಗಡಿಯಿಂದ ಬಂದ ದಿನ ಮುಖ ಊದಿಸ್ಕಂಡು ಬಂದೆ. ನಿಂಗೂ ಬ್ಯಾರೇದು ಇಷ್ಟ ಆಗಿತ್ತು ಅಂತ ನಂಗೆ ಗೊತ್ತಾಯ್ತು. ಮನೇಲಿ ಮೂರು ಜನಕ್ಕೂ ಒಂದೇ ಬೇಕಿತ್ತು, ಮೂರು ಜನಾನೂ ಬ್ಯಾರೇದು ತಂದ್ಕಂಡು ಕೂತೀವಿ. ಹೋಗಿ ಬದಲಾಯಿಸ್ಕಂಬರ್ರಿ.”

ಇದು ಕೊನೆಯ ಮಾತು. ಇವರು ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದರು, ನಾನೂ ನೋಡಿದೆ. ಆರು ಗಂಟೆ ಇಪ್ಪತ್ತು ನಿಮಿಷ. ಒಂದು ಗಂಟೆಗೂ ಮಿಕ್ಕಿ ನಾವು ಕೂತಲ್ಲಿಂದ ಅಲುಗಾಡಿರಲಿಲ್ಲ. ಬೇರೆ ಯಾವ ಚಿಪ್ಪಾಗಿದ್ದರೂ ‘ಬ್ಯಾಡ’ ಅಂದ ಮರುಕ್ಷಣ ಇವರು ಪೆಟ್ಟಿಗೆ ಹೊತ್ತು ಗಿರಣಿ ಕಡೆ ಓಡಿರುತ್ತಿದ್ದರು. ಈ ಚಿಪ್ಪಾದ್ದರಿಂದ ಪೂರ್ತಿ ಕೇಳಿದೆವು, ಕೇಳಿ ಮುಗಿಯುವಷ್ಟರಲ್ಲಿ ಪೇಸ್ಟ್ ಒಣಗಿತ್ತು, ಸಾಬ್ರು ಶಟರ್ ಎಳೆದಿದ್ದರು.

ನನಗೆ ಅಳು ಬಂತು. ಅದೂ ನಿಧಾನವಾಗಿಯೇ ಬಂತು, ಕಣ್ಣಿಗೆ ತಲುಪುವ ಮೊದಲೇ ಬರುತ್ತಿರುವುದು ಗೊತ್ತಾಯಿತು, ತಡೆಯಲು ಬೇಕಾದಷ್ಟು ಹೊತ್ತಿತ್ತು, ತಡೆಯಲಿಲ್ಲ. ಕೋರು ಎಷ್ಟು, ವೇಗ ಎಷ್ಟು, ಕರೆಂಟ್ ಎಷ್ಟು ಅಂತ ಅಳೆದು ಸುರಿದು ನೋಡಿದ್ದೆವು. ಮಾವನಿಗೆ ಏನು ಬೇಕೆಂದು ಮಾವನನ್ನು ಕೇಳಿರಲಿಲ್ಲ. ಜೋರಾಗಿ ಓಡೋದು ಬೇಕು ಅನ್ನಲು ಅವರಿಗೆ ಎರಡು ನಿಮಿಷ ಸಾಕಾಗಿತ್ತು. ಆ ಎರಡು ನಿಮಿಷ ನಮ್ಮ ಹತ್ತಿರ ಇರಲಿಲ್ಲ, ಅವರ ಬಗ್ಗೆ ಚಿಂತೆ ಮಾಡಲು ಮಾತ್ರ ದಿನಗಟ್ಟಲೆ ಇತ್ತು.

“ಕೇಳಬೇಕಿತ್ತು ಅಪ್ಪಯ್ಯಾ,” ಅಂದರು ಇವರು.

“ಹ್ಞೂಂ,” ಅಂದರು ಮಾವ. “ಕೇಳಬೇಕಿತ್ತು.”

ಪರವಾಗಿಲ್ಲ ಬಿಡು ಅನ್ನುತ್ತಾರೇನೋ ಅಂತ ಕಾದೆವು. ಅನ್ನಲಿಲ್ಲ. ಗಡಿಯಾರ ನೋಡಿದರು, ಕಂಪ್ಯೂಟರಿನ ಕಡೆ ನೋಡಿದರು, ಆಮೇಲೆ ನಮ್ಮಿಬ್ಬರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಅವರ ಬಾಯಿಯ ಎಡಗಡೆ, ಲಕ್ವ ಬಿಟ್ಟ ಕಡೆ, ಸ್ವಲ್ಪ ಮೇಲೆ ಹೋಯಿತು.

“ಏಳು ವರ್ಷ,” ಅಂದರು. “ನಿಮ್ಮ ಮಾತು ಕೇಳ್ಕಂಡು ಕೂತ್ರೆ ನಾನು ನಿದ್ದೇಲೇ ಹೋಗ್ತೀನಿ. ಅದಕ್ಕೆ ಇನ್ನು ಮೇಲೆ ನಾನೇ ಮಾತಾಡ್ತೀನಿ. ನೀವು ಕೇಳ್ರಿ.”

ಪಕ್ಕದ ಮನೆಯಲ್ಲಿ ಏನೋ ಜಗಳ ಎದ್ದು ಆಗಲೇ ತಣ್ಣಗಾಗುತ್ತಿತ್ತು. ನಾನು ಎದ್ದು ದೀಪ ಹಾಕಿ ಬಂದು ಚಾಪೆ ಹಾಸಿದೆ. ಇವರು ಗೋಡೆಗೆ ಒರಗಿಕೊಂಡರು.

“ಮೊದಲನೇ ದಿನ ಗಾಡಿ ತಗಂಡು ಹೊರಟಾಗ…” ಅಂದರು ಮಾವ.

ಮುಂದಿನ ಮಾತು ಬರುವವರೆಗೆ ನಾವು ಕಾದೆವು.